ಅಳುವ ಮೊದಲು ಬರೆದ ಅರ್ಜಿ

ಬೇಗೂರು ಮರದ ಡಿಪೋ,
ಹೆಗ್ಗಡದೇವನಕೋಟೆ ತಾಲ್ಲೂಕು
೧೮ನೇ ಜನವರಿ ೧೯೩೭, ಸೋಮವಾರ

ಚಿರಂಜೀವಿ ನಂಜುಂಡಸ್ವಾಮಿಗೆ ನಿನ್ನ ಅಣ್ಣ ಚೆಲುವಯ್ಯನ ಆಶೀರ್ವಾದಗಳು.

ನಾನೂ ನಿನ್ನ ಅತ್ತಿಗೆಯೂ ಗಟ್ಟಿಮುಟ್ಟಾಗಿದ್ದೇವೆ. ಕೃಷ್ಣರಾಜನಗರದಲ್ಲಿ ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೆಂದು ನಾನು ನಂಬಿದ್ದೇನೆ. ಸಾಕಮ್ಮ ನಂಬಿಲ್ಲ.

ನಮ್ಮ ಡಿಪೋದ ಹಳೆಯ ದೊರೆ ಇಂಗ್ಲೆಂಡ್ ಸೀಮೆಗೆ ಹೊರಟುಹೋದರು. ಹೊಸಬರು ವಯನಾಡಿನ ತೋಟದಲ್ಲಿ ಇರುತ್ತಾರೆ, ಸೋಮವಾರಕ್ಕೊಮ್ಮೆ ಇಲ್ಲಿಗೆ ಬರುತ್ತಾರೆ. ಏಪ್ರಿಲ್ ಒಂದರಿಂದ ಡಿಪೋದ ಲೆಕ್ಕವೆಲ್ಲ ಇಂಗ್ಲಿಷಿನಲ್ಲೇ ಇರಬೇಕಂತೆ. "ನಿನಗೆ ಬಾರದಿದ್ದರೆ ಬರುವವನನ್ನು ತರುತ್ತೇನೆ" ಎಂದು ನಗುನಗುತ್ತಲೇ ಹೇಳಿದರು. ನಗುನಗುತ್ತಾ ಹೇಳುವವರು ಮಾಡಿಯೇ ಮಾಡುತ್ತಾರೆ. ಒಂಬತ್ತು ವರ್ಷ ರೈಟರ್ ಆಗಿ ದಿಮ್ಮಿ ಅಳೆದು ಬರೆದವನು ನಾನು. ಈಗ ಯಾವನೋ ಮೈಸೂರಿನ ಹುಡುಗ ಬಂದು ನನ್ನ ಕುರ್ಚಿಯಲ್ಲಿ ಕೂರುತ್ತಾನಂತೆ.

ಆದ್ದರಿಂದ ನೀನೇ ನನ್ನ ಮೇಷ್ಟ್ರಾಗಬೇಕು. ವಾರಕ್ಕೊಂದು ಪಾಠ ಟಪಾಲಿನಲ್ಲಿ ಕಳಿಸು. ನೀನು ಬಿಟ್ಟುಹೋದ ಪ್ರೈಮರ್ ತೆಗೆದು ಆಗಲೇ ಶುರುಮಾಡಿದ್ದೇನೆ. 'ಐ ಆಮ್ ಎ ಮ್ಯಾನ್. ದಟ್ ಈಸ್ ಎ ಟ್ರೀ.' ಮೂವತ್ತಾರು ವರ್ಷಕ್ಕೆ ನಾನು ಮನುಷ್ಯ, ಅದು ಮರ ಎಂದು ಕಲಿಯುವ ಭಾಗ್ಯ ಬಂತು ನೋಡು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಅಂತ ಸಾಕಮ್ಮ ಆಡಿಕೊಳ್ಳುತ್ತಾಳೆ. ಮರದ ಡಿಪೋದವನಿಗೇ ಮರದ ಗಾದೆ!

ಅವ್ವ ಹೋದಾಗ ನೀನು ಮೊಣಕಾಲೆತ್ತರ ಇದ್ದೆ, ಅಪ್ಪ ಅದಕ್ಕೂ ಮುಂಚೆಯೇ ಹೋಗಿದ್ದರು. ನಿನ್ನನ್ನು ಓದಿಸಿದ್ದಕ್ಕೆ ಬಡ್ಡಿ ಕೇಳುತ್ತಿದ್ದೇನೆ ಅಂದುಕೋ.

ನಿನ್ನ ಅಣ್ಣ,
ಚೆಲುವಯ್ಯ


ಕೃಷ್ಣರಾಜನಗರ
೨೮ನೇ ಜನವರಿ ೧೯೩೭

ತೀರ್ಥರೂಪು ಸಮಾನರಾದ ಅಣ್ಣನವರಿಗೆ ನಂಜುಂಡಸ್ವಾಮಿಯ ನಮಸ್ಕಾರಗಳು.

ಪಾಠ ಇದರೊಂದಿಗಿದೆ. ಮೊದಲು ಕ್ರಿಯಾಪದಗಳು. ದಿನಕ್ಕೆ ಐದು ಬಾಯಿಪಾಠ ಮಾಡಿ, ಅತ್ತಿಗೆಗೆ ಒಪ್ಪಿಸಿ. ಅವರಿಗೆ ಇಂಗ್ಲಿಷ್ ಬಾರದಿದ್ದರೂ ನೀವು ತಡವರಿಸಿದ್ದು ಗೊತ್ತಾಗುತ್ತದೆ.

ನನ್ನ ಗುರುಗಳಾದ ಚನ್ನಬಸವಣ್ಣ ಮೇಷ್ಟ್ರ ಹತ್ತಿರ ಎಂಟು ಜನ ಕಲಿಯುತ್ತಿದ್ದೇವೆ. ಅವರ ಪ್ರಕಾರ ಇಂಗ್ಲಿಷ್ ಎಂಬ ಹೊಳೆ ಎಲ್ಲೆಲ್ಲೋ ಹರಿದು ಕೊನೆಗೆ ಸೇರುವುದು ಒಂದೇ ಕಡೆಗೆ, ಅದು ನೌಕರಿಯ ಅರ್ಜಿ. ಹೀಗಾಗಿ ನಾವು ದಿನವೂ ಅರ್ಜಿ ಬರೆಯುತ್ತೇವೆ. ವೇಕೆನ್ಸಿ ಎಂದರೆ ಖಾಲಿ ಜಾಗ. ಕ್ವಾಲಿಫಿಕೇಶನ್ ಎಂದರೆ ಯೋಗ್ಯತೆ. ಟೆಸ್ಟಿಮೋನಿಯಲ್ ಎಂದರೆ ದೊಡ್ಡವರು ನಮ್ಮನ್ನು ಹೊಗಳಿ ಕೊಟ್ಟ ಕಾಗದ. 'ಐ ಬೆಗ್ ಟು ಅಪ್ಲೈ' ಎಂದು ಶುರುಮಾಡಬೇಕು. ಬೆಗ್ ಎಂದರೆ ಭಿಕ್ಷೆ ಬೇಡುವುದು. ಯಾಕೆ ಬೇಡಬೇಕು ಎಂದು ಕೇಳಿದ್ದಕ್ಕೆ ಮೇಷ್ಟ್ರು, "ಬೇಡ್ದೆ ಯಾವನ್ಲಾ ಕೊಡ್ತಾನೆ?" ಅಂದರು.

ಅಭ್ಯಾಸಕ್ಕೆ ಖಾಲಿ ಜಾಗ ಬೇಕಲ್ಲ, ಅದನ್ನು ಮೇಷ್ಟ್ರೇ ಹುಟ್ಟಿಸುತ್ತಾರೆ. "ಪಿರಿಯಾಪಟ್ಟಣದ ಶಿರಸ್ತೇದಾರ ಸತ್ತ ಅಂತ ಇಟ್ಕೊಳ್ಳಿ, ಬರೀರಿ" ಅನ್ನುತ್ತಾರೆ. ಹುಣಸೂರಿನ ಗುಮಾಸ್ತರನ್ನೆಲ್ಲ ಹೋದ ವಾರವೇ ಮುಗಿಸಿದೆವು. ಅವರ ಇನ್ನೊಂದು ಮಾತು ಈಗ ನಮಗೆಲ್ಲ ಮಂತ್ರವಾಗಿದೆ: "ಯಾವನಾದ್ರೂ ಸತ್ತ ಅಂತ ಗೊತ್ತಾದ್ರೆ ಮೊದ್ಲು ಕಾಗ್ದ ತಗೊಳ್ರಿ. ಅಳಾಕೆ ಹನ್ನೊಂದು ದಿನ ಐತೆ, ಅರ್ಜಿಗೆ ಒಂದೇ ದಿನ."

ಅತ್ತಿಗೆ ಕಳಿಸಿದ ಹುಚ್ಚೆಳ್ಳಿನ ಪುಡಿ ಮುಗಿಯಿತು ಎಂದು ತಿಳಿಸಿ.

ನಿಮ್ಮ ತಮ್ಮ, ಮತ್ತು ಈಗ ಮೇಷ್ಟ್ರು,
ನಂಜುಂಡಸ್ವಾಮಿ


ಬೇಗೂರು ಡಿಪೋ
೧೧ನೇ ಫೆಬ್ರವರಿ ೧೯೩೭, ಗುರುವಾರ

ಮೇಷ್ಟ್ರಾದ ತಮ್ಮನಿಗೆ ಶಿಷ್ಯನಾದ ಅಣ್ಣನ ಆಶೀರ್ವಾದ.

ನನ್ನ ಮೊದಲ ಅರ್ಜಿ ಇದರಲ್ಲಿದೆ, ತಿದ್ದಿ ಕಳಿಸು. ನಮ್ಮ ದೊರೆಯ ಜಾಗಕ್ಕೇ ಬರೆದಿದ್ದೇನೆ. ಯೋಗ್ಯತೆ ಎಂಬ ಕಡೆ 'ಬಿಸಿಲಿನಲ್ಲಿ ನಿಲ್ಲಬಲ್ಲೆ, ಆನೆಗೆ ಹೆದರುವುದಿಲ್ಲ' ಎಂದು ಹಾಕಿದ್ದೇನೆ. ಎರಡೂ ಅವರಿಗಿಲ್ಲ.

ನಿಮ್ಮ ಮೇಷ್ಟ್ರು ಹಾಗೆ ದಿನವೂ ಒಬ್ಬೊಬ್ಬರನ್ನು ಸಾಯಿಸುವುದು ಸಾಕಮ್ಮನಿಗೆ ಹಿಡಿಸಲಿಲ್ಲ. "ಬಾಯ್ತುಂಬ ಅಂಥ ಮಾತು ಯಾಕಂತೆ? ಅಸ್ತು ದೇವತೆ ಮೇಲೆ ಓಡಾಡ್ತಿರ್ತಾಳೆ" ಎಂದಳು. ನಾನು ನಕ್ಕೆ. ಆದರೂ ನನ್ನ ಅರ್ಜಿಯಲ್ಲಿ ದೊರೆಯನ್ನು ಸಾಯಿಸಿಲ್ಲ, ಊಟಿಗೆ ವರ್ಗ ಮಾಡಿಸಿದ್ದೇನೆ.

ಸಾಕು ಇವತ್ತಿಗೆ. ಗಾಡಿಗಳು ಬಂದವು.

ಚೆಲುವಯ್ಯ


ಬೇಗೂರು
೨೨ನೇ ಫೆಬ್ರವರಿ ೧೯೩೭, ಸೋಮವಾರ

ನಂಜುಂಡಸ್ವಾಮಿಗೆ,

ಈ ಕಾಗದವನ್ನು ಹೊಸ್ತಿಲ ಹೊರಗೇ ನಿಂತು ಓದು. ನಿನ್ನ ಅಣ್ಣ ಇವತ್ತು ಮಧ್ಯಾಹ್ನ ತೀರಿಕೊಂಡರು. ದಿಮ್ಮಿ ಉರುಳಿತು. ನೀನು ಬರುವತನಕ ಕಾಯುವುದಕ್ಕೆ ಆಗುವುದಿಲ್ಲ, ಹೊರಡಬೇಡ. ಅಲ್ಲೇ ಹೊಳೆಯಲ್ಲಿ ಸ್ನಾನ ಮಾಡು. ಓದಿ ಹರಿದುಹಾಕು.

ಸಾಕಮ್ಮ


(ಇಂಗ್ಲಿಷಿನಲ್ಲಿ ಬರೆದ ಅರ್ಜಿ, ಕನ್ನಡದಲ್ಲಿ ಹೀಗಾಗುತ್ತದೆ)

ಕೃಷ್ಣರಾಜನಗರ
೨೪ನೇ ಫೆಬ್ರವರಿ ೧೯೩೭, ಬುಧವಾರ

ಬೇಗೂರು ಮರದ ಡಿಪೋದ ಮೇಲ್ವಿಚಾರಕರಾದ ದೊರೆಗಳ ಸನ್ನಿಧಾನಕ್ಕೆ,

ಮಹಾಸ್ವಾಮಿ, ತಮ್ಮ ಡಿಪೋದಲ್ಲಿ ರೈಟರ್ ಆಗಿದ್ದ ನನ್ನ ಅಣ್ಣ ಚೆಲುವಯ್ಯನು ಈ ತಿಂಗಳ ೨೨ರಂದು ಮೃತನಾದ ಕಾರಣ ಸದರಿ ಜಾಗ ಖಾಲಿಯಾಗಿದೆಯೆಂದು ತಿಳಿದು, ಅದಕ್ಕೆ ನನ್ನನ್ನು ನೇಮಿಸಬೇಕೆಂದು ಬೇಡುತ್ತೇನೆ. ನನ್ನ ವಯಸ್ಸು ಇಪ್ಪತ್ತು. ಇಂಗ್ಲಿಷನ್ನು ತಪ್ಪಿಲ್ಲದೆ ಓದಿ ಬರೆಯಬಲ್ಲೆ. ಮೃತನ ನಡತೆ ತಮಗೆ ಗೊತ್ತಿರುವುದೇ. ಅವನ ತಮ್ಮನೆಂಬುದೇ ನನ್ನ ದೊಡ್ಡ ಯೋಗ್ಯತೆ. ಕೂಡಲೇ ಬಂದು ಕೆಲಸಕ್ಕೆ ಸೇರಲು ಸಿದ್ಧನಿದ್ದೇನೆ.

ತಮ್ಮ ಅತ್ಯಂತ ವಿಧೇಯ ಸೇವಕ,
ಎಂ. ನಂಜುಂಡಸ್ವಾಮಿ


ಬೇಗೂರು
೨೫ನೇ ಫೆಬ್ರವರಿ ೧೯೩೭, ಗುರುವಾರ

ಪ್ರೀತಿಯ ಮೈದುನ ನಂಜುಂಡನಿಗೆ ಅತ್ತಿಗೆಯ ಆಶೀರ್ವಾದಗಳು.

ಕಣ್ಣು ಒರೆಸಿಕೋ. ನಿನ್ನ ಅಣ್ಣ ಬದುಕಿದ್ದಾರೆ. ಈಗ ನನ್ನ ಎದುರಿಗೇ ಕೂತು ಮುದ್ದೆ ಮುರಿಯುತ್ತಿದ್ದಾರೆ. ಸೋಮವಾರದ ಕಾಗದ ಸುಳ್ಳು, ನಾನೇ ಬೇಕೆಂದು ಬರೆದೆ.

ಭಾನುವಾರ ಮಟಮಟ ಮಧ್ಯಾಹ್ನ ಅವರು ದಿಮ್ಮಿ ಅಳೆಯುತ್ತಿದ್ದಾಗ ಕಾಗೆಯೊಂದು ಬಂದು ಅವರ ರುಮಾಲಿನ ಮೇಲೆ ಕೂತಿತು. ಮುಟ್ಟಿ ಹಾರಿಹೋಗಲಿಲ್ಲ, ಕೂತಿತು. ಗಾಡಿ ಕುಳ್ಳಯ್ಯ ಓಡಿಸುವತನಕ ಅಲುಗಲಿಲ್ಲವಂತೆ. ಕಾಗೆ ತಲೆ ಮುಟ್ಟಿದರೆ ಏನೆಂದು ನಿನಗೂ ಗೊತ್ತು. ಸತ್ತರೆಂದು ಸುದ್ದಿ ಕಳಿಸಿ ಒಡಹುಟ್ಟಿದವರು ಅದನ್ನು ನಂಬಿ ಅತ್ತರೆ ಗಂಡಾಂತರ ಕಳೆಯುತ್ತದೆ. ಅವರಿಗೆ ಒಡಹುಟ್ಟಿದವನೆಂದು ಇರುವುದು ನೀನೊಬ್ಬನೇ. ನಿನ್ನ ಅಣ್ಣನಿಗೆ ಇದೆಲ್ಲ ಬೇಕಿರಲಿಲ್ಲ. "ಪರೀಕ್ಷೆ ಹತ್ರ ಬಂದಾಗ ಹುಡುಗನ್ನ ಯಾಕೆ ಗೋಳಾಡಿಸ್ತೀಯೆ?" ಎಂದರು. ಪಕ್ಕದ ಮನೆಯ ಚಿಕ್ಕಬೀರಮ್ಮಜ್ಜಿಯೇ ಜೋರುಮಾಡಿ ಬರೆಸಿದಳು.

ನಿನ್ನನ್ನು ಅಳಿಸಿದ ಪಾಪ ನನಗಿರಲಿ. ಎಷ್ಟು ಅತ್ತೆ ಎಂದು ಒಂದು ಸಾಲು ಬರೆ. ಅಜ್ಜಿ ಕೇಳುತ್ತಿದ್ದಾಳೆ.

ನಿನ್ನ ಅತ್ತಿಗೆ,
ಸಾಕಮ್ಮ


ಕೃಷ್ಣರಾಜನಗರ
೨೮ನೇ ಫೆಬ್ರವರಿ ೧೯೩೭

ಮಾತೃಸಮಾನರಾದ ಅತ್ತಿಗೆಯವರಿಗೆ ನಮಸ್ಕಾರಗಳು.

ನಿಮ್ಮ ಎರಡನೆಯ ಕಾಗದ ಬಂದಾಗ ನನ್ನ ಕಾಲ ಕೆಳಗೆ ಮತ್ತೆ ನೆಲ ಬಂತು. ಆದರೂ ಇಂಥ ಆಟ ಆಡಬಾರದಿತ್ತು ಅತ್ತಿಗೆ. ನಾನು ಹೊಳೆಗೆ ಹೋಗಿ ಮುಳುಗು ಹಾಕಿದೆ, ಎರಡು ದಿನ ಊಟ ಸೇರಲಿಲ್ಲ. ಓದಿದವರು ಇಂಥದ್ದನ್ನು ನಂಬಬಾರದು ಎಂದು ಮೇಷ್ಟ್ರೂ ಬೈದರು.

ಅಣ್ಣನಿಗೆ ಈ ವಾರದ ಪಾಠ ಇಟ್ಟಿದ್ದೇನೆ. ದಿಮ್ಮಿಯ ಉದ್ದ, ಸುತ್ತಳತೆ, ಜಾತಿ, ಇವಕ್ಕೆಲ್ಲ ಇಂಗ್ಲಿಷ್ ಶಬ್ದಗಳು ಇದರಲ್ಲಿವೆ. ದೊರೆಗೆ ಬರುವ ಟಪಾಲನ್ನು ಯಾರು ಒಡೆಯುತ್ತಾರೆ ಎಂದು ಅಣ್ಣನನ್ನು ಕೇಳಿ ತಿಳಿಸಿ. ಸುಮ್ಮನೆ ಕೇಳಿದೆ.

ನಿಮ್ಮ ಮೈದುನ,
ನಂಜುಂಡಸ್ವಾಮಿ


ಬೇಗೂರು ಡಿಪೋ
೪ನೇ ಮಾರ್ಚಿ ೧೯೩೭, ಗುರುವಾರ

ಚಿರಂಜೀವಿ ನಂಜುಂಡಸ್ವಾಮಿಗೆ ಆಶೀರ್ವಾದ.

ದೊರೆಯ ಟಪಾಲನ್ನು ದೊರೆಯೇ ಒಡೆಯುತ್ತಾರೆ. ಸೋಮವಾರ ಒಡೆದರು. ಓದಿದರು, ನನ್ನ ಮುಖ ನೋಡಿದರು, ಮತ್ತೆ ಓದಿದರು. ಆಮೇಲೆ ಕಾಗದವನ್ನು ನನ್ನ ಕೈಗೆ ಕೊಟ್ಟು, "ಇದು ಏನು ಹೇಳುತ್ತದೆ, ಓದು" ಎಂದರು. ನನ್ನ ಇಂಗ್ಲಿಷಿಗೆ ಅದೇ ಪರೀಕ್ಷೆ ಎಂದುಕೊಂಡೆ. ಗಟ್ಟಿಯಾಗಿ ಓದಿದೆ. ಎಲ್ಲೂ ನಿಲ್ಲಲಿಲ್ಲ ಕಣಪ್ಪ, ಅಷ್ಟೂ ಅರ್ಥವಾಯಿತು. ಒಬ್ಬರ ನೆರವಿಲ್ಲದೆ ನಾನು ತುದಿಮುಟ್ಟ ಓದಿದ ಮೊದಲ ಇಂಗ್ಲಿಷ್ ಕಾಗದ ಅದು. ನೀನೇ ಕಲಿಸಿದ ಶಬ್ದಗಳು, ಒಂದೂ ತಪ್ಪಿರಲಿಲ್ಲ.

ಗಾಡಿ ಕುಳ್ಳಯ್ಯ ಬಾಗಿಲಲ್ಲೇ ನಿಂತಿದ್ದ. "ಏನಂತೆ ರೈಟ್ರೇ?" ಎಂದ. "ನಾನು ಸತ್ತೋಗಿದ್ದೀನಂತೆ ಕಣ್ಲಾ" ಎಂದೆ. ದೊರೆ ಮೇಜು ಕುಟ್ಟಿ ನಕ್ಕರು, ನಾನೂ ನಕ್ಕೆ. ಕುಳ್ಳಯ್ಯ ನಗಲಿಲ್ಲ. ಹಿಂದೆ ಹಿಂದೆ ಸರಿದು ಅಂಗಳಕ್ಕೆ ಇಳಿದುಬಿಟ್ಟ. ದೊರೆ, "ಇಷ್ಟು ಇಂಗ್ಲಿಷ್ ಬರುತ್ತದಲ್ಲ, ಇನ್ನು ಬೇರೆಯವನು ಬೇಡ" ಎಂದರು. ಕೆಲಸ ಉಳಿಯಿತು. ಅದಕ್ಕೆ ನಿನಗೆ ಋಣಿಯಾಗಿರಬೇಕು.

ಕೋಪವಿಲ್ಲ, ದೇವರಾಣೆ. ಒಂದೇ ಒಂದು ಮಾತು ಕೇಳುತ್ತೇನೆ. ಸಾಕಮ್ಮನ ಕಾಗದ ನಿನ್ನ ಕೈಸೇರಿದ್ದು ಬುಧವಾರ. ಅರ್ಜಿಯ ಮೇಲಿನ ತಾರೀಖೂ ಬುಧವಾರದ್ದೇ. ಅತ್ತ ಮೇಲೆ ಬರೆದೆಯೋ, ಬರೆದ ಮೇಲೆ ಅತ್ತೆಯೋ?

ಸಾಕಮ್ಮನಿಗೆ ಇದನ್ನು ಹೇಳಿಲ್ಲ. ಆ ಕಾಗೆ ಈಗ ನಮ್ಮ ಹೆಂಚಿನ ಮೇಲೆ ಕೂತಿದೆ. ಕೂಗುವುದೂ ಇಲ್ಲ, ಹೋಗುವುದೂ ಇಲ್ಲ.

ನಿನ್ನ ಅಣ್ಣ,
ಚೆಲುವಯ್ಯ


ಕೃಷ್ಣರಾಜನಗರ
೯ನೇ ಮಾರ್ಚಿ ೧೯೩೭

ತೀರ್ಥರೂಪು ಸಮಾನರಾದ ಅಣ್ಣನವರ ಪಾದಗಳಿಗೆ,

ನನ್ನನ್ನು ತಪ್ಪು ತಿಳಿಯಬೇಡಿ. ಜಾಗ ಹೊರಗಿನವನ ಪಾಲಾದರೆ ಅತ್ತಿಗೆಯ ಗತಿ ಏನು ಎಂಬುದೇ ನನ್ನ ತಲೆಯಲ್ಲಿತ್ತು. ಆ ಡಿಪೋದ ಮನೆಯನ್ನೂ ಬಿಡಿಸಿಬಿಡುತ್ತಿದ್ದರು. ಕಾಗದ ಓದಿದೆ, ಅಷ್ಟರಲ್ಲಿ ಸಂಜೆಯ ಟಪಾಲು ಕಟ್ಟುವ ಹೊತ್ತಾಗುತ್ತಿತ್ತು. ದಿನವೂ ಮಾಡಿದ ಅಭ್ಯಾಸ, ಕೈ ತಾನಾಗಿಯೇ ಬರೆಯಿತು. ಬರೆದು ಹಾಕಿ ಬಂದ ಮೇಲೆ ಜಗಲಿಯ ಮೇಲೆ ಕೂತೆ, ಈಗ ಅಳು ಬರುತ್ತದೆ ಎಂದು ಕಾದೆ. ಬರಲಿಲ್ಲ ಅಣ್ಣ. ರಾತ್ರಿಯೂ ಬರಲಿಲ್ಲ. ಎದೆಯಲ್ಲಿ ಕಲ್ಲು ಕೂತ ಹಾಗಿತ್ತು, ಕಣ್ಣು ಮಾತ್ರ ಒಣಗಿಯೇ ಇತ್ತು. ಶನಿವಾರ ನೀವು ಬದುಕಿದ್ದೀರಿ ಎಂದು ತಿಳಿಯಿತು.

ನನ್ನನ್ನು ಸಾಕಿದವರು ನೀವು. ನಿಮ್ಮ ಮೇಲೆ ಪ್ರೀತಿ ಇಲ್ಲದೆ ಹೀಗಾಗಲಿಲ್ಲ. ಹೇಗಾಯಿತೆಂದು ನನಗೂ ತಿಳಿಯದು.

ನಂಜುಂಡಸ್ವಾಮಿ


ಬೇಗೂರು
೧೮ನೇ ಮಾರ್ಚಿ ೧೯೩೭, ಗುರುವಾರ

ನಂಜುಂಡನಿಗೆ ಅತ್ತಿಗೆಯ ಆಶೀರ್ವಾದ.

ನಿನ್ನ ಅಣ್ಣನಿಗೆ ಹೇಳದೆ ಬರೆಯುತ್ತಿದ್ದೇನೆ. ನೀನು ಅಳಲಿಲ್ಲವೆಂದು ಅವರ ಬಾಯಿಂದಲೇ ಕೇಳಿದೆ. ನಾನು ಬೈಯುವುದಿಲ್ಲ, ಬೈಯುವುದಕ್ಕೂ ಮನಸ್ಸಿನಲ್ಲಿ ಜಾಗವಿಲ್ಲ. ನನಗೆ ಭಯವಾಗಿದೆ.

ಇಲ್ಲಿ ನಡೆಯುತ್ತಿರುವುದನ್ನು ಕೇಳು. ಅವರು ಮುದ್ದೆ ಮುಂದಿಟ್ಟುಕೊಂಡು ಮುಟ್ಟಿ ಬಿಡುತ್ತಾರೆ, "ಹಸಿವಿಲ್ಲ" ಅನ್ನುತ್ತಾರೆ. ಆ ಎಂಜಲನ್ನು ಹೊರಗಿಟ್ಟರೆ ಹೆಂಚಿನ ಮೇಲಿನ ಕಾಗೆ ಇಳಿದು ಬಂದು ಅಷ್ಟನ್ನೂ ತಿನ್ನುತ್ತದೆ. ನಾನಿಟ್ಟ ಅನ್ನವನ್ನು ಮೂಸಿಯೂ ನೋಡುವುದಿಲ್ಲ. ನಮ್ಮ ಕೆಂದನಾಯಿ ಅವರ ಹೆಜ್ಜೆ ಸಪ್ಪಳಕ್ಕೆ ಬಾಲ ಅಲ್ಲಾಡಿಸಿ ಓಡುತ್ತಿತ್ತಲ್ಲ, ಈಗ ಅವರು ಪಕ್ಕದಲ್ಲಿ ಹಾದು ಹೋದರೂ ತಲೆ ಎತ್ತುವುದಿಲ್ಲ. ಡಿಪೋದಲ್ಲಿ ಆಳುಗಳ ಹೆಸರು ಕೂಗಿದರೆ ಯಾರೂ ಓಗೊಡುವುದಿಲ್ಲವಂತೆ. ಅಸಡ್ಡೆ ಇರಬೇಕೆಂದು ನಾನೇ ಹೋಗಿ ಜಗಳವಾಡಿದೆ. ಕುಳ್ಳಯ್ಯ ಕೈ ಮುಗಿದು, "ರೈಟ್ರು ಕೂಗಿದ್ದು ನಂಗೆ ಕೇಳ್ನೇ ಇಲ್ಲ ಕಣವ್ವ, ನಮ್ಮಪ್ಪನಾಣೆ" ಎಂದ. ಅವನ ಕಣ್ಣಲ್ಲಿ ನೀರಿತ್ತು. ನಾನು ನಂಬಿದೆ.

ಅವರಿಗೆ ಮಾತ್ರ ಇದೆಲ್ಲ ಚಿಂತೆಯೇ ಅಲ್ಲ. ಕಿಟಕಿಯ ಹತ್ತಿರ ಕೂತು ನಿನ್ನ ಪಾಠ ಓದುತ್ತಾರೆ. ಕರೆದರೆ ಎಷ್ಟೋ ಹೊತ್ತಿನ ಮೇಲೆ, ಆಚೆ ದಡದಲ್ಲಿ ನಿಂತವರ ಹಾಗೆ "ಆ?" ಅನ್ನುತ್ತಾರೆ.

ಚಿಕ್ಕಬೀರಮ್ಮಜ್ಜಿ ಏನು ಹೇಳಿದಳು ಗೊತ್ತೆ? "ಸಾವು ಬಾಗ್ಲಿಗೆ ಬಂದಿತ್ತು ಕಣವ್ವ. ಅಳು ಕೇಳಿದ್ರೆ, ಇಲ್ಲಿ ಆಗ್ಲೇ ಆಗೋಗದೆ ಅಂತ ತಿರುಗಿ ಹೋಗೋದು. ಯಾರೂ ಅಳ್ನಿಲ್ಲ. ಅದು ಅಲ್ಲೇ ಕುಂತದೆ."

ಈಗಲಾದರೂ ಅಳು ನಂಜುಂಡ. ಬರದಿದ್ದರೆ ನಾನು ಇನ್ನೊಂದು ಸಲ ಆ ಕಾಗದ ಬರೆಯಬೇಕಾಗುತ್ತದೆ. ಯಾವಾಗೆಂದು ಮೊದಲೇ ಹೇಳುವುದಿಲ್ಲ. ಬಂದಾಗ ನೀನು ನಂಬಬೇಕು.

ಸಾಕಮ್ಮ


ಕೃಷ್ಣರಾಜನಗರ
೨೪ನೇ ಮಾರ್ಚಿ ೧೯೩೭

ಅತ್ತಿಗೆಯವರಿಗೆ ನಮಸ್ಕಾರಗಳು.

ಎಲ್ಲ ಮಾಡಿ ನೋಡಿದೆ. ಹೊಳೆದಂಡೆಗೆ ಒಬ್ಬನೇ ಹೋಗಿ ಕೂತೆ. ಅವ್ವನನ್ನು ನೆನೆದೆ. ಅಣ್ಣ ನನ್ನನ್ನು ಹೆಗಲ ಮೇಲೆ ಹೊತ್ತು ಬೇಗೂರಿನಿಂದ ಕೋಟೆಯ ಇಸ್ಕೂಲಿಗೆ ತಂದು ಬಿಟ್ಟದ್ದನ್ನು ನೆನೆದೆ. ಹೇಳಲು ನಾಚಿಕೆ, ಕೊನೆಗೆ ಈರುಳ್ಳಿಯನ್ನೂ ಹೆಚ್ಚಿದೆ. ನೀರು ಬಂತು, ಅಳು ಬರಲಿಲ್ಲ. ಅಣ್ಣ ಅಲ್ಲಿ ಕಿಟಕಿಯ ಹತ್ತಿರ ಕೂತಿದ್ದಾರೆ ಎಂದು ಗೊತ್ತಿದ್ದೂ ನಾನು ಹೇಗೆ ಅಳಲಿ?

ನೀವು ಆ ಕಾಗದ ಕಳಿಸಿ. ಈ ಸಲ ಖಂಡಿತ ನಂಬುತ್ತೇನೆ. ಲೇಖನಿ ಮುಟ್ಟುವುದಿಲ್ಲ.

ನಂಜುಂಡಸ್ವಾಮಿ


ಬೇಗೂರು ಡಿಪೋ
೨೯ನೇ ಮಾರ್ಚಿ ೧೯೩೭, ಸೋಮವಾರ

ಚಿರಂಜೀವಿಗೆ ಆಶೀರ್ವಾದ.

ಗುರುವಾರದಿಂದ ಇಂಗ್ಲಿಷ್ ಲೆಕ್ಕ ಶುರು. ಎಲ್ಲವನ್ನೂ ತಯಾರು ಮಾಡಿಟ್ಟಿದ್ದೇನೆ. ಈಗ ಓದುವಾಗ ಶಬ್ದಗಳು ತಾವಾಗಿಯೇ ಬಂದು ಕೂರುತ್ತವೆ. ಮೈ ಬಲು ಹಗುರವಾಗಿದೆ. ಸಾಕಮ್ಮ ಯಾಕೆ ಅಷ್ಟು ಸಣ್ಣಗಾಗಿದ್ದಾಳೋ ಕಾಣೆ.

ಇವತ್ತು ದೊರೆ ಬಂದರು. ನಾನು ಎದ್ದು ನಿಂತು ಸಲಾಮು ಮಾಡಿದೆ. ಅವರು ನನ್ನ ಎದುರಿನ ಕುರ್ಚಿಯಲ್ಲಿ ಕೂತು, ನನ್ನ ಕಡೆಗೇ ನೋಡುತ್ತಾ, "ರೈಟರ್ ಎಲ್ಲಿ?" ಎಂದು ಕೂಗಿದರು. ನಾನು ಇಲ್ಲೇ ಇದ್ದೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ, ಸರಿಯಾಗಿಯೇ ಹೇಳಿದೆ. ಸ್ವಲ್ಪ ಹೊತ್ತಿಗೆ ಬೆಚ್ಚಿಬಿದ್ದವರಂತೆ ಕಣ್ಣುಜ್ಜಿಕೊಂಡು, "ಓ, ಇಲ್ಲಿದ್ದೀಯಾ" ಎಂದರು. ಕನ್ನಡಕ ಬದಲಿಸಬೇಕೇನೋ ಪಾಪ.

ನಿನ್ನನ್ನು ಒಂದು ಸಲ ನೋಡಬೇಕೆನ್ನಿಸಿದೆ. ಬಿಡುವಾದಾಗ ನಾನೇ ಬರುತ್ತೇನೆ. ಪಾಠ ಒಪ್ಪಿಸುವುದೂ ಬಾಕಿ ಇದೆಯಲ್ಲ.

ಚೆಲುವಯ್ಯ


ಬೇಗೂರು
೫ನೇ ಏಪ್ರಿಲ್ ೧೯೩೭, ಸೋಮವಾರ

ನಂಜುಂಡ,

ನಿನ್ನ ಅಣ್ಣ ಇವತ್ತು ಮಧ್ಯಾಹ್ನ ಹೋಗಿಬಿಟ್ಟರು. ಮೇಜಿನ ಮುಂದೆ ಕೂತಲ್ಲೇ ತಲೆ ವಾಲಿತು. ಇದು ಆ ಕಾಗದ ಅಲ್ಲಪ್ಪ. ನಂಬು. ನಾಳೆ ಬೆಳಿಗ್ಗೆ ಮಣ್ಣು ಮಾಡುತ್ತಾರೆ.

ಸಾಕಮ್ಮ


ಕೃಷ್ಣರಾಜನಗರ
೮ನೇ ಏಪ್ರಿಲ್ ೧೯೩೭, ಗುರುವಾರ

ಪ್ರೀತಿಯ ಅತ್ತಿಗೆಯವರಿಗೆ ನಮಸ್ಕಾರಗಳು.

ನೀವು ಇಷ್ಟು ಚೆನ್ನಾಗಿ ಬರೆಯುತ್ತೀರೆಂದು ಗೊತ್ತಿರಲಿಲ್ಲ! ಆದರೆ ಮಾಡಿದ ಉಪಾಯವೆಲ್ಲ ನೀರುಪಾಲಾಯಿತು. ಇನ್ನು ಮೇಲೆ ಕಾಗದ ಕಳಿಸುವಾಗ ಅಣ್ಣನನ್ನು ಮನೆಯಲ್ಲಿ ಕಟ್ಟಿಹಾಕಿ ಕಳಿಸಿ.

ನಿನ್ನೆ ಮಧ್ಯಾಹ್ನ ಕಾಗದ ಬಂತು. ಹೊಸ್ತಿಲ ಹೊರಗೇ ನಿಂತು ಓದಿದೆ. ಸುಳ್ಳಿರಬಹುದೆಂಬ ಯೋಚನೆಯನ್ನು ಹತ್ತಿರ ಸುಳಿಯಗೊಡಲಿಲ್ಲ. 'ನಂಬು' ಎಂದು ಬರೆದಿದ್ದಿರಲ್ಲ, ನಂಬಿದೆ. ಕಣ್ಣು ಉರಿಯಿತು. ಇನ್ನೇನು ಅತ್ತೇಬಿಡುತ್ತಿದ್ದೆ. ಅಷ್ಟರಲ್ಲಿ ಬೀದಿಯ ತುದಿಯಿಂದ ಅಣ್ಣ ನಡೆದು ಬರುತ್ತಿದ್ದಾರೆ!

ಅದೇ ಕರಿಕೋಟು, ತಲೆಗೆ ರುಮಾಲು ಇರಲಿಲ್ಲ. ಬಿಸಿಲಿನಲ್ಲಿ ಬಂದಿದ್ದರೂ ಹಣೆಯಲ್ಲಿ ಒಂದು ತೊಟ್ಟು ಬೆವರಿಲ್ಲ. ಒಳಗೆ ಬಾ ಅಣ್ಣ ಎಂದರೆ ಬರಲಿಲ್ಲ, ಜಗಲಿಯ ಮೇಲೆ ಕೂತರು. ನೀರು ಕೊಟ್ಟೆ, ಪಕ್ಕಕ್ಕಿಟ್ಟರು. "ಪಾಠ ಒಪ್ಪಿಸ್ತೀನಿ, ಕೇಳ್ಲಾ" ಎಂದು ಶುರುಮಾಡಿ, ನನ್ನ ಆ ಅರ್ಜಿಯನ್ನು ಮೊದಲಿಂದ ಕೊನೆಯ ತನಕ ಬಾಯಿಪಾಠ ಒಪ್ಪಿಸಿದರು. ಉಚ್ಚಾರ ನಮ್ಮ ಮೇಷ್ಟ್ರಿಗಿಂತ ಚೆನ್ನಾಗಿತ್ತು. ಆಮೇಲೆ ನನ್ನ ಮುಖವನ್ನೇ ನೋಡುತ್ತಾ, "ಅತ್ತೇನ್ಲಾ?" ಎಂದರು.

ನನಗೆ ನಗು ತಡೆಯಲಾಗಲಿಲ್ಲ. "ನೀನೇ ಎದುರಿಗೆ ಬಂದು ಕುಂತ್ರೆ ಹೆಂಗಣ್ಣ ಅಳ್ಳಿ?" ಎಂದೆ. ಅವರು ನಗಲಿಲ್ಲ. "ಆಗ್ಲಿ ಬುಡು" ಎಂದು ಎದ್ದು ಸ್ಟೇಷನ್ನಿನ ಕಡೆಗೆ ಹೋದರು. ಊಟ ಮಾಡಿಕೊಂಡು ಹೋಗಿ ಎಂದು ಹಿಂದೆ ಓಡಿದೆ, ತಿರುವಿನಲ್ಲಿ ಕಾಣಲಿಲ್ಲ.

ಶಾಸ್ತ್ರಕ್ಕಾದರೂ ಮುಂದಿನ ಟಪಾಲಿಗೆ, ಹೋದ ಸಲದ ಹಾಗೆ 'ಬದುಕಿದ್ದಾರೆ' ಎಂಬ ಸರಿ ಕಾಗದ ಹಾಕಿಬಿಡಿ. ಅಜ್ಜಿಗೆ ಸಮಾಧಾನ ಹೇಳಿ. ಇಷ್ಟು ದೂರ ಬರುವಷ್ಟು ಗಟ್ಟಿ ಇದ್ದವರಿಗೆ ಏನೂ ಆಗುವುದಿಲ್ಲ.

ನಿಮ್ಮ ಮೈದುನ,
ನಂಜುಂಡಸ್ವಾಮಿ


ಬೇಗೂರು
೧೨ನೇ ಏಪ್ರಿಲ್ ೧೯೩೭, ಸೋಮವಾರ

ನಂಜುಂಡನಿಗೆ,

ಸರಿ ಕಾಗದ ಅಂತ ಯಾವುದೂ ಇಲ್ಲ. ಸೋಮವಾರ ಹೋದರು, ಮಂಗಳವಾರ ಬೆಳಿಗ್ಗೆ ಹೊಳೆಯಾಚೆಯ ಹೊಲದಲ್ಲಿ ಮಣ್ಣು ಮಾಡಿದೆವು. ನಾನೇ ಕರಿಕೋಟು ತೊಡಿಸಿದೆ. ರುಮಾಲನ್ನು ನಾನು ಇಟ್ಟುಕೊಂಡೆ, ಅದು ಈಗ ನನ್ನ ಮಡಿಲಲ್ಲೇ ಇದೆ. ನಿನಗೆ ಇದನ್ನು ಯಾರೂ ಬರೆದಿರಲಿಲ್ಲ.

ಬುಧವಾರ ಹಾಲುತುಪ್ಪ ಬಿಡಲು ಹೋದೆವು. ಎಡೆ ಇಟ್ಟು ದೂರ ನಿಂತು ಕಾದೆವು. ಅಷ್ಟು ದಿನ ಹೆಂಚಿನ ಮೇಲೆ ಕೂತಿದ್ದ ಕಾಗೆ ಅವತ್ತು ಬರಲೇ ಇಲ್ಲ. ಒಂದು ಕಾಗೆಯೂ ಬರಲಿಲ್ಲ. ಚಿಕ್ಕಬೀರಮ್ಮಜ್ಜಿ ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿ ನೋಡಿ, "ಅವ್ನು ಇಲ್ಲಿ ಇಲ್ಲ ಕಣವ್ವ. ಎಲ್ಲೋ ಹೋಗವ್ನೆ" ಎಂದಳು. ಎಲ್ಲಿಗೆ ಹೋಗಿದ್ದರೆಂದು ನಿನ್ನ ಕಾಗದ ಬಂದ ಮೇಲೆ ತಿಳಿಯಿತು.

ಅವರಿಗೆ ನಿನ್ನಿಂದ ಬೇಕಾಗಿದ್ದು ಅದೊಂದೇ ನಂಜುಂಡ. ಅದಕ್ಕಾಗಿ ಅಷ್ಟು ದೂರ ಬಂದರು. ನೀನು ನಕ್ಕು ಕಳಿಸಿದೆ. ನನ್ನ ಗಂಡನನ್ನು ಬರಿಗೈಯಲ್ಲಿ ಕಳಿಸಿದೆಯಲ್ಲ ಎಂದು ನನ್ನ ಹೊಟ್ಟೆ ಉರಿಯುತ್ತದೆ. ನೀನು ತಿಳಿದು ಮಾಡಲಿಲ್ಲ ಎಂಬುದೂ ಗೊತ್ತು.

ದೊರೆ ಬಂದಿದ್ದರು. ಟೋಪಿ ತೆಗೆದು ನಿಂತರು. ನಿನ್ನ ಅರ್ಜಿ ಅವರ ಹತ್ತಿರವೇ ಇದೆ, ಜಾಗ ನಿನ್ನದೇ ಎಂದರು. ಅದು ನಿನ್ನ ಇಷ್ಟ. ಗುರುವಾರ ಹನ್ನೊಂದನೆಯ ದಿನ, ಮತ್ತೆ ಎಡೆ ಇಡುತ್ತೇವೆ. ಬಾ. ಬಂದು ಅಳು.

ಸಾಕಮ್ಮ


ಕೃಷ್ಣರಾಜನಗರ
೧೪ನೇ ಏಪ್ರಿಲ್ ೧೯೩೭, ಬುಧವಾರ

ಅತ್ತಿಗೆಯವರ ಪಾದಗಳಿಗೆ,

ಇದನ್ನು ಸ್ಟೇಷನ್ನಿನ ಡಬ್ಬಿಗೆ ಹಾಕಿ ರೈಲು ಹತ್ತುತ್ತೇನೆ. ನಾನೇ ಮೊದಲು ತಲುಪಬಹುದು. ಆದರೂ ಬರೆಯುತ್ತಿದ್ದೇನೆ, ನಿಮ್ಮ ಎದುರು ನಿಂತು ಇದನ್ನು ಹೇಳುವ ಧೈರ್ಯ ನನಗಿಲ್ಲ.

ಅವರು ಬರಿಗೈಯಲ್ಲಿ ಹೋಗಲಿಲ್ಲ ಅತ್ತಿಗೆ. ಹೋಗಲೇ ಇಲ್ಲ. ಆ ಬುಧವಾರದಿಂದ ದಿನವೂ ಮಧ್ಯಾಹ್ನ ಬಂದು ಜಗಲಿಯ ಮೇಲೆ ಕೂರುತ್ತಿದ್ದಾರೆ. ಕೆಲಸ ಬಿಟ್ಟು ಇಲ್ಲೇ ಯಾರದೋ ಮನೆಯಲ್ಲಿ ಇದ್ದಾರೆಂದುಕೊಂಡಿದ್ದೆ, ನೀವೇ ಕಳಿಸಿದ್ದೀರೆಂದೂ ಅಂದುಕೊಂಡಿದ್ದೆ. ಮನೆಯೊಡತಿ ವಿಮಲಮ್ಮನವರು ನಿನ್ನೆ, "ಏನಪ್ಪ, ಒಬ್ನೇ ಕುಂತು ಯಾರ ಜೊತೆ ಮಾತಾಡ್ತೀಯ?" ಎಂದರು. ನಿಮ್ಮ ಕಾಗದವನ್ನು ಇವತ್ತು ಓದಿದಾಗಲೂ ಅಣ್ಣ ಪಕ್ಕದಲ್ಲೇ ಇದ್ದರು. ನಾನು ಓದಿ ಮುಗಿಸಿ ತಲೆ ಎತ್ತಿದೆ. ಅವರು ಮುಖ ಆ ಕಡೆ ತಿರುಗಿಸಿ ಕೂತಿದ್ದರು, ಚಿಕ್ಕಂದಿನಲ್ಲಿ ನನ್ನನ್ನು ಇಸ್ಕೂಲಿನಲ್ಲಿ ಬಿಟ್ಟು ಹೋಗುವ ಮೊದಲು ಕೂತಿದ್ದ ಹಾಗೆ.

"ಅಣ್ಣ, ನಿಜವಾ?" ಎಂದೆ. "ಊಂ ಕಣ್ಲಾ" ಎಂದರು. "ಅತ್ಬುಡು, ಹೋಯ್ತೀನಿ. ಹೊತ್ತಾಯ್ತು."

ಅಳು ಬಂತು. ಅಷ್ಟು ದಿನ ಬಾರದಿದ್ದದ್ದು ಒಂದೇ ಸಲಕ್ಕೆ ಹೊಟ್ಟೆಯ ಆಳದಿಂದ ಎದ್ದು ಬಂತು. ಈಗಲೂ ಬರುತ್ತಿದೆ. ಬಂದಷ್ಟನ್ನೂ ಹಲ್ಲು ಕಚ್ಚಿ ನುಂಗುತ್ತಿದ್ದೇನೆ. ಒಂದು ಹನಿ ಬಿದ್ದರೆ ಅವರು ಎದ್ದು ಹೊರಡುತ್ತಾರೆ. ನನಗೆ ಅಣ್ಣ ಬೇಕು ಅತ್ತಿಗೆ.

ನಾಳೆ ಎಡೆ ಇಡಬೇಡಿ, ಕಾಗೆಯನ್ನು ಕರೆಯಬೇಡಿ. ನನ್ನ ಹತ್ತಿರ ಟಿಕೀಟು ಒಂದೇ ಇದೆ. ಆದರೆ ನಾನು ಗಂಟು ಕಟ್ಟಿ ಎದ್ದಾಗ ಅವರೂ ಎದ್ದರು. ನಾವಿಬ್ಬರೂ ಬರುತ್ತಿದ್ದೇವೆ.

ನಿಮ್ಮ ಮೈದುನ,
ನಂಜುಂಡಸ್ವಾಮಿ